ಸೌರಕಲೆಯ ಮೇಲೆ ಮೂರು ನಿಮಿಷಕ್ಕೊಮ್ಮೆ: ಕೊಡಗಿನ ಕಾಫಿ ಕಣದಿಂದ ಒಂದು ಸಮಗ್ರ ಮಾರ್ಗದರ್ಶಿ

ಜನವರಿಯ ಒಂದು ಬೆಳಿಗ್ಗೆ. ಕಣದಲ್ಲಿ ಕಾಫಿ ಒಣಗಲು ಹಾಕಿತ್ತು. ಅಂಗಳದ ಮೂಲೆಯಲ್ಲಿ ಸಣ್ಣ ಟೆಲಿಸ್ಕೋಪ್ ನಿಲ್ಲಿಸಿ ಬಿಳಿ ರಟ್ಟಿನ ಮೇಲೆ ಸೂರ್ಯನನ್ನು ಬೀಳಿಸಿದ್ದೆ. ಕಾಫಿ ಕೆದಕುತ್ತಿದ್ದ ಅಕ್ಕ ಕೆಲಸ ಬಿಟ್ಟು ಬಂದು, ಬಗ್ಗಿ ನೋಡಿ, "ಇದೇನಣ್ಣಾ, ಸೂರ್ಯನಿಗೂ ಬೋರರ್ ಹೊಡೆದಿದೆಯಾ?" ಎಂದರು. ಹೋಲಿಕೆ ಸರಿಯಾಗಿಯೇ ಇತ್ತು. ಬೋರರ್ ಹುಳ ಹೊಕ್ಕ ಕಾಫಿ ಹಣ್ಣಿನ ತುದಿಯಲ್ಲಿ ಸೂಜಿ ಚುಚ್ಚಿದಂಥ ಕಪ್ಪು ತೂತು ಇರುತ್ತದಲ್ಲ, ರಟ್ಟಿನ ಮೇಲಿನ ಸೌರಕಲೆಯೂ, ಅಂದರೆ ಸೂರ್ಯನ ಮೈಮೇಲಿನ ಕಪ್ಪು ಮಚ್ಚೆಯೂ, ಹಾಗೇ ಕಾಣುತ್ತಿತ್ತು. ನಡುವೆ ಕಪ್ಪು, ಸುತ್ತ ಬೂದು ಉಂಗುರ. ಅಕ್ಕ ಕೇಳಿದ ಎರಡನೇ ಪ್ರಶ್ನೆ ಮಾತ್ರ ನನ್ನನ್ನು ವರ್ಷಗಟ್ಟಲೆ ಓಡಾಡಿಸಿತು: "ಒಳಗೆ ಹುಳ ಆಡ್ತದಾ?"

ಆಡುತ್ತದೆ. ಕಲೆಯ ಒಳಗೆ ಅಲ್ಲ, ಅದರ ಮೇಲಿನ ವಾತಾವರಣದಲ್ಲಿ. ಅದನ್ನು ಹಿಡಿಯುವುದು ಹೇಗೆ ಎನ್ನುವುದೇ ಈ ಬರಹ. ಮೊದಲೇ ಒಂದು ಮಾತು: ಇದಕ್ಕೆ ಬೇಕಾದದ್ದು ದೊಡ್ಡ ಮಸೂರಕ್ಕಿಂತ ಹೆಚ್ಚಾಗಿ ಗಡಿಯಾರ. ಸೌರಕಲೆಯ ಒಂದು ಚಿತ್ರ ಎಷ್ಟೇ ಚಂದವಿರಲಿ, ಅದರಲ್ಲಿ ಹುಳ ಆಡುವುದು ಕಾಣದು. ಸಾಧಾರಣ ಚಿತ್ರಗಳೇ ಆದರೂ ಒಂದು ಗಂಟೆ ಸಾಲಾಗಿ ಸಿಕ್ಕರೆ ಕಾಣುತ್ತದೆ.

ಹುಡುಕುತ್ತಿರುವುದು ಏನನ್ನು

ಸೌರಕಲೆಯ ನಡುವಿನ ಕಪ್ಪು ಭಾಗವನ್ನು ಕಡುನೆರಳು ಎನ್ನೋಣ, ಸುತ್ತಲಿನ ಎಳೆ ಎಳೆಯಾದ ಬೂದು ಭಾಗವನ್ನು ಅರೆನೆರಳು. ಕಡುನೆರಳಿನಲ್ಲಿ ಕಾಂತಕ್ಷೇತ್ರ ಎರಡು-ಮೂರು ಸಾವಿರ ಗಾಸ್ (ಕಾಂತಬಲದ ಅಳತೆ), ಬಲರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ. ಅರೆನೆರಳಿನಲ್ಲಿ ಅವು ಹೊರಗೆ ಬಾಗಿ ಮಲಗುತ್ತಾ ಹೋಗುತ್ತವೆ. ಕೆಳಗಿನಿಂದ ಬರುವ ಬಿಸಿ ಅನಿಲದ ಕುದಿತವನ್ನು ಈ ಕ್ಷೇತ್ರ ತಡೆಯುವುದರಿಂದ ಅಲ್ಲಿನ ತಾಪ ಸುಮಾರು 4,000 ಕೆಲ್ವಿನ್‌ಗೆ ಇಳಿಯುತ್ತದೆ. ಸುತ್ತಲಿನ ಮೇಲ್ಮೈ 5,800ರ ಹತ್ತಿರ. ಅದಕ್ಕೇ ಕಪ್ಪು ಕಾಣುವುದು.

ನಾವು ಕಣ್ಣಲ್ಲಿ ನೋಡುವ ಪದರ ದ್ಯುತಿಗೋಳ. ಅದರ ಮೇಲೆ ಒಂದೆರಡು ಸಾವಿರ ಕಿಲೋಮೀಟರ್ ದಪ್ಪದ ವರ್ಣಗೋಳ, ಅದರಾಚೆ ಸೂರ್ಯನ ಹೊರ ವಾತಾವರಣವಾದ ಕರೋನಾ. ದ್ಯುತಿಗೋಳ ಯಾವಾಗಲೂ ಸುಮಾರು ಐದು ನಿಮಿಷದ ಲಯದಲ್ಲಿ ಉಸಿರಾಡುತ್ತಿರುತ್ತದೆ. ಆದರೆ ಮೇಲಿನ ತಣ್ಣನೆಯ ಪದರ ನಿಧಾನದ ಅಲೆಗಳನ್ನು ನೆಟ್ಟಗೆ ಮೇಲೇರಲು ಬಿಡದೆ, ಮೂರು ನಿಮಿಷದ ಆಸುಪಾಸಿನ ಚುರುಕು ಅಲೆಗಳನ್ನಷ್ಟೇ ದಾಟಿಸುತ್ತದೆ. ಹೀಗೆ ದಾಟಿದ ಅಲೆ ಮೇಲೇರುತ್ತಾ ಹೋದಂತೆ ಅನಿಲ ತೆಳುವಾಗುತ್ತದೆ, ಶಕ್ತಿ ಅಷ್ಟೇ ಇದ್ದು ಅಲೆಯ ಎತ್ತರ ಬೆಳೆಯುತ್ತದೆ. ಚಾವಟಿಯ ಹಿಡಿಯಲ್ಲಿ ಕೊಟ್ಟ ಸಣ್ಣ ಎಳೆತ ತುದಿಯಲ್ಲಿ ಚಟೀರ್ ಎನ್ನುವ ಹಾಗೆ, ವರ್ಣಗೋಳಕ್ಕೆ ಬರುವಷ್ಟರಲ್ಲಿ ಅದು ಆಘಾತ ತರಂಗವಾಗಿ ಒಡೆಯುತ್ತದೆ. ಆ ಜಾಗ ಅರ್ಧ ನಿಮಿಷ, ಮುಕ್ಕಾಲು ನಿಮಿಷ ಬೆಳಗಿ ಆರುತ್ತದೆ, ಸುಮಾರು ಮೂರು ನಿಮಿಷಕ್ಕೆ ಮತ್ತೆ ಬೆಳಗುತ್ತದೆ. ಇದೇ ಕಡುನೆರಳಿನ ಮಿಂಚು. 1969ರಲ್ಲಿ ಬೆಕರ್ಸ್ ಮತ್ತು ಟ್ಯಾಲಂಟ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ವರದಿ ಮಾಡಿದರು.

ಮೂರೇ ವರ್ಷದಲ್ಲಿ, 1972ರಲ್ಲಿ, ಅರೆನೆರಳಿನಲ್ಲಿ ಹೊರಮುಖವಾಗಿ ಓಡುವ ಅಲೆಗಳು ಸಿಕ್ಕವು. ಕೆರೆಗೆ ಕಲ್ಲು ಹಾಕಿದ ಹಾಗೆ ಉಂಗುರ ಉಂಗುರವಾಗಿ ಹರಡುತ್ತವೆ, ವೇಗ ಸೆಕೆಂಡಿಗೆ 10ರಿಂದ 20 ಕಿಲೋಮೀಟರ್. ಆದರೆ ನಿಜವಾಗಿ ಏನೂ ಅಡ್ಡಕ್ಕೆ ಓಡುತ್ತಿಲ್ಲ ಎನ್ನುವುದು ಈಗಿನ ತಿಳಿವಳಿಕೆ. ಬೆಳಿಗ್ಗೆ ಲೈನ್‌ಮನೆಯಿಂದ, ಅಂದರೆ ತೋಟದ ಆಳುಗಳ ಸಾಲುಮನೆಯಿಂದ, ಆಳುಗಳು ಒಂದೇ ಹೊತ್ತಿಗೆ ಹೊರಡುತ್ತಾರೆ ಅನ್ನಿ. ಹತ್ತಿರದ ಸಾಲಿನವರು ಮೊದಲು ಗಿಡ ಮುಟ್ಟುತ್ತಾರೆ, ದೂರದ ಸಾಲಿನವರು ಆಮೇಲೆ. ಎದುರು ಗುಡ್ಡದಿಂದ ನೋಡುವವನಿಗೆ ಕೊಯ್ಲು ಸಾಲಿಂದ ಸಾಲಿಗೆ ಹರಿದ ಹಾಗೆ ಕಾಣುತ್ತದೆ. ಸೌರಕಲೆಯಲ್ಲೂ ಹಾಗೆಯೇ: ನೆಟ್ಟಗಿನ ಬಲರೇಖೆಯಲ್ಲಿ ಹೊರಟ ಅಲೆ ಬೇಗ ಮೇಲೆ ಮುಟ್ಟುತ್ತದೆ, ಓರೆಯ ದಾರಿ ಹಿಡಿದದ್ದು ತಡವಾಗಿ ಮುಟ್ಟುತ್ತದೆ. ಓರೆ ದಾರಿಯಲ್ಲಿ ನಿಧಾನದ ಅಲೆಗಳಿಗೂ ಪರವಾನಗಿ ಸಿಗುವುದರಿಂದ ಹೊರಗೆ ಹೋದಂತೆ ಲಯ ಮೂರು ನಿಮಿಷದಿಂದ ಐದರ ಕಡೆಗೆ ಸರಿಯುತ್ತದೆ. ಈ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ನೀವೇ ಅಳೆಯಲಿದ್ದೀರಿ.

ಮೂರನೆಯದು ಮೈಕ್ರೋಜೆಟ್. ಜಪಾನಿನ ಹಿನೋದೆ ಉಪಗ್ರಹದ ಚಿತ್ರಗಳಲ್ಲಿ 2007ರಲ್ಲಿ ಕಂಡದ್ದು. ಅರೆನೆರಳಿನ ಎಳೆಗಳ ನಡುವಿನಿಂದ ಚಿಮ್ಮುವ ಕಿಡಿ: ಉದ್ದ 1,000ದಿಂದ 4,000 ಕಿಲೋಮೀಟರ್, ಅಗಲ ಬರೀ 400, ಆಯಸ್ಸು ಒಂದು ನಿಮಿಷದೊಳಗೆ. ನಾಲ್ಕನೆಯದು, ಕಡುನೆರಳನ್ನು ಸೀಳಿ ಹೋಗುವ ಬೆಳಕಿನ ಸೇತುವೆಯ ಮೇಲಿಂದ ಏಳುವ ಚಿಮ್ಮು. ಇದು ಕೆಲವೊಮ್ಮೆ 10,000 ಕಿಲೋಮೀಟರಿನಷ್ಟು ಎತ್ತರಕ್ಕೆ ಹೋಗುತ್ತದೆ.

ಕಣ್ಣು ಮೊದಲು

ಇದನ್ನು ಹಾರಿಸಿ ಮುಂದೆ ಓದಬೇಡಿ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕೊಡಗಿನ ಮೇಲೆ ಹಾದುಹೋದಾಗ ಕುಟ್ಟದ ಕಡೆಗೆ ಜನಸಾಗರವೇ ಹರಿದಿತ್ತು. ಅವತ್ತು ಕೊಂಡ ಗ್ರಹಣದ ಕನ್ನಡಕ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಇನ್ನೂ ಇದೆ. ಈಗ ಅದನ್ನು ತೆಗೆದು ಬಳಸಬೇಡಿ. ನಮ್ಮ ಮಳೆಗಾಲದ ಬೂಷ್ಟು ಚಪ್ಪಲಿಯನ್ನೇ ಬಿಡುವುದಿಲ್ಲ, ಆ ತೆಳು ಹಾಳೆಯನ್ನು ಬಿಡುತ್ತದೆಯೇ? ಅಲ್ಲದೆ ಅದು ಬರಿಗಣ್ಣಿಗೆ ಮಾಡಿದ್ದು. ಅದನ್ನು ಹಾಕಿಕೊಂಡು ಟೆಲಿಸ್ಕೋಪಿಗೆ ಕಣ್ಣಿಟ್ಟರೆ ಒಟ್ಟಾಗಿ ಬರುವ ಬೆಳಕು ಹಾಳೆಯನ್ನೂ ಸುಡುತ್ತದೆ, ಕಣ್ಣನ್ನೂ ಸುಡುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಕಣ್ಣು ಹೋದದ್ದು ಆಮೇಲೆ ತಿಳಿಯುತ್ತದೆ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಸಗಣಿ ನೀರಿನ ಪ್ರತಿಬಿಂಬ, ಇವು ಯಾವುದೂ ಬೇಡ.

ಟೆಲಿಸ್ಕೋಪಿಗೆ ದಾರಿ ಎರಡೇ. ಒಂದು, ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ ಸೋಲಾರ್ ಫಿಲ್ಟರ್ ಹಾಳೆ. ಕಣ್ಣಿನಲ್ಲಿ ನೋಡಲು ಸಾಂದ್ರತೆ 5 ಇರಬೇಕು, ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ. 3.8ರ ಹಾಳೆ ಕ್ಯಾಮೆರಾಕ್ಕಷ್ಟೇ. ಪ್ರತಿ ಸಲ ಹಾಕುವ ಮೊದಲು ಬಲ್ಬಿಗೆ ಹಿಡಿದು ಚುಕ್ಕಿ ತೂತು ಇದೆಯೇ ನೋಡಿ, ಹಾಕಿದ ಮೇಲೆ ಅಂಚಿಗೆ ಟೇಪ್ ಸುತ್ತಿ. ಗುಡ್ಡದ ಗಾಳಿ ಹೇಳಿಕೇಳಿ ಬೀಸುವುದಿಲ್ಲ. ಕಣ್ಣಿನ ಮಸೂರಕ್ಕೆ ತಿರುಪುವ ಸಣ್ಣ ಕಪ್ಪು ಗಾಜು ಹಳೆಯ ಟೆಲಿಸ್ಕೋಪುಗಳ ಜೊತೆ ಬರುತ್ತಿತ್ತು, ಬಿಸಿಗೆ ಅದು ಒಡೆಯುತ್ತದೆ. ಸಿಕ್ಕಿದ ದಿನವೇ ಎಸೆಯಿರಿ.

ಇನ್ನೊಂದು ದಾರಿ ಪ್ರಕ್ಷೇಪಣ: ಫಿಲ್ಟರ್ ಇಲ್ಲದೆ ಬಿಂಬವನ್ನು ರಟ್ಟಿನ ಮೇಲೆ ಬೀಳಿಸುವುದು. ಮಸೂರದ ಸಣ್ಣ ಟೆಲಿಸ್ಕೋಪಿನಲ್ಲಿ ಮಾತ್ರ ಇದನ್ನು ಮಾಡಿ. ಕನ್ನಡಿಯ ಮುಚ್ಚುಕೊಳವೆ ಮಾದರಿಗಳು ಒಳಗೇ ಕಾಯ್ದು ಹಾಳಾಗುತ್ತವೆ. ಮಕ್ಕಳಿದ್ದರೆ ಕೊಳವೆಯ ಹಿಂದುಗಡೆ ಒಬ್ಬ ದೊಡ್ಡವರು ನಿಂತೇ ಇರಬೇಕು. ಎರಡೂ ದಾರಿಯಲ್ಲಿ, ಪಕ್ಕದ ಗುರಿಕೊಳವೆಯ (ಫೈಂಡರ್) ಬಾಯಿಗೆ ಮುಚ್ಚಳ ಹಾಕಿರಬೇಕು. ಒಮ್ಮೆ ನನ್ನ ಅಂಗಿಯ ತೋಳಿಗೆ ತೂತು ಬಿದ್ದದ್ದು ಆ ಬೆರಳುದ್ದದ ಕೊಳವೆಯಿಂದಲೇ.

ಜಾಗ, ಹೊತ್ತು

ಕೊಡಗಿನಲ್ಲಿ ಸೂರ್ಯ ವೀಕ್ಷಣೆಯ ಕಾಲವೆಂದರೆ ಪುತ್ತರಿ ಸುಗ್ಗಿ ಹಬ್ಬ ಕಳೆದ ಮೇಲಿನಿಂದ, ಕಾಫಿ ಹೂ ಅರಳಿಸುವ ಹೂಮಳೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ಮಂಜು ಏಳುವವರೆಗೆ ಕಾಯಬೇಕು, ಎದ್ದ ಮೇಲೆ ತಡಮಾಡಬಾರದು. ಎಂಟೂವರೆಯಿಂದ ಹತ್ತರವರೆಗೆ ಒಳ್ಳೆಯ ಹೊತ್ತು. ಆಮೇಲೆ ನೆಲ ಕಾದು ಗಾಳಿ ಅದುರುತ್ತದೆ, ಸೂರ್ಯನ ಅಂಚು ಕುದಿಯುವ ಸಾರಿನ ಹಾಗೆ ಕುಣಿಯುತ್ತದೆ.

ಬುದ್ಧಿ ಬರುವ ಮೊದಲು ನಾನು ಟೆಲಿಸ್ಕೋಪ್ ಇಡುತ್ತಿದ್ದದ್ದು ಕಣದಲ್ಲಿ. ಸಮತಟ್ಟು, ಮರದ ಅಡ್ಡಿಯಿಲ್ಲ, ಎಲ್ಲ ಅನುಕೂಲ. ಆದರೆ ಕಾಂಕ್ರೀಟ್ ಕಣವನ್ನು ಮಾಡಿಸಿದ್ದೇ ಬಿಸಿಲು ಹೀರಿ ಕಾಫಿ ಒಣಗಿಸಲು! ಅದರ ಮೇಲಿನ ಗಾಳಿಯಷ್ಟು ಕೆಟ್ಟ ಗಾಳಿ ತೋಟದಲ್ಲೇ ಬೇರೆಲ್ಲೂ ಇಲ್ಲ. ಶೀಟಿನ ಮಾಡೂ ಹಾಗೆಯೇ. ಹುಲ್ಲಿನ ಮೇಲೆ ಇಡಿ. ಸೂರ್ಯನ ಕಡೆಗೆ ಗದ್ದೆಯೋ ಕೆರೆಯೋ ಇದ್ದರೆ ಇನ್ನೂ ಒಳ್ಳೆಯದು, ನೀರು ನಿಧಾನ ಕಾಯುತ್ತದೆ. ಕೆರೆ ದಂಡೆಗೆ ಸಾಗಿದ ದಿನ, ಅದೇ ಟೆಲಿಸ್ಕೋಪಿನಲ್ಲಿ, ಅರೆನೆರಳು ಕಡುನೆರಳಿನಿಂದ ಬೇರೆಯಾಗಿ ಕಂಡಿತು.

ದಿಕ್ಕು ತಿಳಿಯಲು ಟೆಲಿಸ್ಕೋಪನ್ನು ಅಲುಗಿಸದೆ ಬಿಡಿ. ಬಿಂಬ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಜಾರುತ್ತದೆ, ಜಾರುವ ಕಡೆಯೇ ಪಶ್ಚಿಮ. ಇಡೀ ಸೂರ್ಯ ದಾಟಲು ಎರಡು ನಿಮಿಷದ ಮೇಲೆ ಸ್ವಲ್ಪ. ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯುವಾಗ ಭಾರತದ ಸಮಯದಿಂದ ಐದೂವರೆ ಗಂಟೆ ಕಳೆದು ಬರೆಯಿರಿ. ಉಪಗ್ರಹಗಳ ಲೆಕ್ಕವೆಲ್ಲ ಅಂತರರಾಷ್ಟ್ರೀಯ ಸಮಯದಲ್ಲಿ. ಬೆಳಗಿನ 8.40 ಎಂದರೆ ಅಲ್ಲಿ 03.10.

ಕೊಳವೆಗೆ ಎಟುಕುವುದೆಷ್ಟು

ಸೂರ್ಯನ ಮೇಲೆ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 725 ಕಿಲೋಮೀಟರ್. 80 ಮಿಲಿಮೀಟರ್ ಮಸೂರ ಬಿಡಿಸಬಲ್ಲದ್ದು, ಅಂದರೆ ಬೇರೆ ಬೇರೆಯಾಗಿ ತೋರಿಸಬಲ್ಲದ್ದು, ಒಂದೂವರೆ ಆರ್ಕ್‌ಸೆಕೆಂಡ್, ಅಂದರೆ 1,000 ಕಿಲೋಮೀಟರಿನ ಆಸುಪಾಸು. 400 ಕಿಲೋಮೀಟರ್ ಅಗಲದ ಮೈಕ್ರೋಜೆಟ್ ಅದಕ್ಕೆ ಎಟುಕುವುದಿಲ್ಲ. ಅಲ್ಲದೆ ಬಿಳಿ ಬೆಳಕಿನ ಫಿಲ್ಟರ್ ತೋರಿಸುವುದು ದ್ಯುತಿಗೋಳವನ್ನು, ನಮ್ಮ ಆಟ ನಡೆಯುವುದು ಅದರ ಮೇಲಿನ ಪದರದಲ್ಲಿ.

ಹೈಡ್ರೋಜನ್ನಿನ ಒಂದು ಕೆಂಪು ಬಣ್ಣವನ್ನಷ್ಟೇ ಬಿಡುವ ಎಚ್-ಆಲ್ಫಾ ಟೆಲಿಸ್ಕೋಪ್ ಇದ್ದರೆ ವರ್ಣಗೋಳವೇ ಕಾಣುತ್ತದೆ. ಅದು ದುಬಾರಿ. 40 ಮಿಲಿಮೀಟರಿನದು ಬಿಡಿಸುವುದು 3,000 ಕಿಲೋಮೀಟರ್, ಹಾಗಾಗಿ ಅದರಲ್ಲಿ ಕಲೆಯ ಸುತ್ತ ಬಾಚಿದ ಕೂದಲಿನಂಥ ಎಳೆಗಳು, ದೊಡ್ಡ ಚಿಮ್ಮುಗಳು ಕಂಡಾವು. ಮಿಂಚುಗಳನ್ನು ಅದರಿಂದ ಹಿಡಿಯುತ್ತೇನೆಂದು ಹೊರಡುವುದು ಗಾಳ ಹಾಕಿ ಸೊಳ್ಳೆ ಹಿಡಿದ ಹಾಗೆ. ನನ್ನನ್ನು ಕೇಳಿದರೆ, ಆ ಹಣಕ್ಕೆ ಒಳ್ಳೆಯ ಲ್ಯಾಪ್‌ಟಾಪೂ ಯುಪಿಎಸ್ಸೂ ಕೊಳ್ಳಿ. ಹಾಗಾದರೆ ಅಂಗಳದ ಟೆಲಿಸ್ಕೋಪ್ ಯಾಕೆ? ಯಾವ ಕಲೆಯನ್ನು ಹಿಂಬಾಲಿಸಬೇಕು ಎಂದು ಆರಿಸಲು. ಕಣ್ಣಾರೆ ನೋಡಿದ ಕಲೆಯ ಅಂಕಿಗಳ ಜೊತೆ ಕೂರುವುದೇ ಬೇರೆ, ಯಾರೋ ಕಳಿಸಿದ ಚಿತ್ರದ ಜೊತೆ ಕೂರುವುದೇ ಬೇರೆ.

ಕಲೆ ಆರಿಸುವುದು

2024ರ ಮೇ ತಿಂಗಳಲ್ಲಿ 13664 ಎಂಬ ಸಂಖ್ಯೆಯ ಕಲೆಗುಂಪು ಇತ್ತಲ್ಲ, 10ನೇ ತಾರೀಖಿನ ಭಾರೀ ಕಾಂತ ಬಿರುಗಾಳಿಗೆ ಕಾರಣವಾಗಿ ಲಡಾಖಿನ ಹಾನ್ಲೆಯ ಆಕಾಶವನ್ನೂ ಕೆಂಪಾಗಿಸಿದ್ದು, ಅಂಥದ್ದು ನೋಡಲು ಹಬ್ಬ, ನಮ್ಮ ಈ ಕೆಲಸಕ್ಕೆ ಕಂಟಕ. ಹತ್ತಾರು ಕಲೆಗಳು ಕಲಸಿಕೊಂಡು, ಗಳಿಗೆಗೊಂದು ಜ್ವಾಲೆ ಸಿಡಿಯುವ ಕಡೆ ಮೂರು ನಿಮಿಷದ ಸಣ್ಣ ಬಡಿತ ಕೇಳಿಸುವುದಿಲ್ಲ. ಮೊದಲ ಪ್ರಯತ್ನಕ್ಕೆ ದುಂಡಗಿನ, ಒಂಟಿಯಾದ, ಸುತ್ತಲೂ ಸಮನಾದ ಅರೆನೆರಳಿರುವ, ಸಪ್ಪೆ ಎನ್ನಿಸುವ ಕಲೆಯೇ ಬೇಕು. ಅದು ಸೂರ್ಯನ ನಡುಭಾಗದಿಂದ 30 ಡಿಗ್ರಿಯೊಳಗೆ ಇರಲಿ. ಸೂರ್ಯ ತಿರುಗುವುದರಿಂದ ಕಲೆ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತದೆ. ಹೀಗಾಗಿ ನಿಮ್ಮ ಕೈಯಲ್ಲಿರುವುದು ನಾಲ್ಕೈದು ದಿನ. ಆದರೆ ಗಾಬರಿ ಬೇಡ, ಚಿತ್ರಗಳು ಭಂಡಾರದಲ್ಲಿ ಉಳಿದಿರುತ್ತವೆ. ಚಳಿಗಾಲದಲ್ಲಿ ಕಲೆ ಗುರುತಿಸಿ ಬರೆದಿಟ್ಟು, ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕೂತು ಲೆಕ್ಕ ಬಿಡಿಸುವುದು ನನ್ನ ಪದ್ಧತಿ.

ಹೀಲಿಯೋವ್ಯೂವರ್ ಎಂಬ ಉಚಿತ ಜಾಲತಾಣದಲ್ಲಿ ಆ ದಿನದ ಸೂರ್ಯನನ್ನು ಬೇರೆ ಬೇರೆ ಬಣ್ಣಗಳಲ್ಲಿ ನೋಡಿ ಕಲೆಯ ಸಂಖ್ಯೆ ಗುರುತು ಮಾಡಿಕೊಳ್ಳಿ. ಅಲ್ಲಿ ಸಿಗುವ ಚಲನಚಿತ್ರ ಕಣ್ಣಿಗೆ ಚಂದ, ಅಳತೆಗೆ ಬೇಡ. ಅದರ ಹೊಳಪನ್ನು ಕಣ್ಣಿಗೆ ಒಗ್ಗುವಂತೆ ಹಿಗ್ಗಿಸಿ ಕುಗ್ಗಿಸಿರುತ್ತಾರೆ.

ಚಿತ್ರ ಇಳಿಸುವುದು

ನಾಸಾದ ಎಸ್‌ಡಿಒ ಉಪಗ್ರಹ 2010ರ ಫೆಬ್ರವರಿ 11ರಂದು ಹಾರಿದ್ದು. ಅದರ ಎಐಎ ಉಪಕರಣ ಇಡೀ ಸೂರ್ಯನನ್ನು 4096 ಗುಣಿಸು 4096 ಪಿಕ್ಸೆಲ್‌ಗಳಲ್ಲಿ ಹಿಡಿಯುತ್ತದೆ. ಒಂದು ಪಿಕ್ಸೆಲ್ 0.6 ಆರ್ಕ್‌ಸೆಕೆಂಡ್, ಅಂದರೆ 435 ಕಿಲೋಮೀಟರ್. 1600 ಮತ್ತು 1700 ಆಂಗ್‌ಸ್ಟ್ರಾಂ (ಬೆಳಕಿನ ತರಂಗಾಂತರದ ಅಳತೆ) ನೇರಳಾತೀತ ಚಿತ್ರಗಳು 24 ಸೆಕೆಂಡಿಗೆ ಒಂದು, 304 ಮತ್ತು 171ರಂಥವು 12 ಸೆಕೆಂಡಿಗೆ ಒಂದು. 1700 ಕೆಳಗಿನ ಪದರ, 304 ವರ್ಣಗೋಳದ ಮೇಲ್ಭಾಗ, 171 ಕರೋನಾದ ಬುಡ.

ಇಡೀ ಸೂರ್ಯನ ಚಿತ್ರಗಳನ್ನು ಇಳಿಸಲು ಹೋದರೆ ತಿಂಗಳ ಡೇಟಾ ಒಂದೇ ರಾತ್ರಿಗೆ ಮುಗಿಯುತ್ತದೆ. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ನಮ್ಮಂಥವರಿಗೆ ಅದು ಆಗದ ಮಾತು. ಸ್ಟ್ಯಾನ್‌ಫರ್ಡ್‌ನ ಜೆಎಸ್‌ಒಸಿ ಭಂಡಾರದಲ್ಲಿ ಇಮೇಲ್ ನೋಂದಾಯಿಸಿದರೆ, ಬೇಕಾದ ತುಂಡನ್ನಷ್ಟೇ ಕತ್ತರಿಸಿ ಕೊಡುತ್ತಾರೆ. ಕಲೆಯನ್ನು ನಡುವಿಟ್ಟು 200 ಆರ್ಕ್‌ಸೆಕೆಂಡ್ ಅಗಲದ ಚೌಕ ಕೇಳಿ, 333 ಪಿಕ್ಸೆಲ್. ಒಂದು ಗಂಟೆಗೆ 1700ರ 150 ಚಿತ್ರ, ಒಟ್ಟು ಹೆಚ್ಚೆಂದರೆ ಮೂವತ್ತು ಚಿಲ್ಲರೆ ಎಂಬಿ. ಅರ್ಜಿಯಲ್ಲಿ ಸೂರ್ಯನ ತಿರುಗುವಿಕೆಯನ್ನು ಹಿಂಬಾಲಿಸುವ ಆಯ್ಕೆ ಇರುತ್ತದೆ, ಅದಕ್ಕೆ ಗುರುತು ಹಾಕಲು ಮರೆಯಬೇಡಿ. ಮರೆತರೆ ಕಲೆ ಗಂಟೆಗೆ 15 ಪಿಕ್ಸೆಲ್‌ನಷ್ಟು ಜಾರುತ್ತದೆ, ನೀವು ಕಡುನೆರಳು ಎಂದುಕೊಂಡು ಅಳೆಯುವ ಚೌಕ ಕೊನೆಗೆ ಅರೆನೆರಳಿನಲ್ಲಿ ಕೂತಿರುತ್ತದೆ.

ಇದರ ಜೊತೆ ಅದೇ ಹೊತ್ತಿನ ಎಚ್‌ಎಂಐ ಉಪಕರಣದ ಬಿಳಿ ಬೆಳಕಿನ ಒಂದು ಚಿತ್ರವನ್ನೂ ತನ್ನಿ, ಗಡಿ ಗುರುತಿಸಲು ಬೇಕು. ಎರಡು ಎಚ್ಚರ: ಎಚ್‌ಎಂಐ ಮೂಲ ಚಿತ್ರ ತಲೆಕೆಳಗಾಗಿ ಬರುತ್ತದೆ, 180 ಡಿಗ್ರಿ ತಿರುಗಿಸಬೇಕು. ಅದರ ಪಿಕ್ಸೆಲ್ 0.5 ಆರ್ಕ್‌ಸೆಕೆಂಡ್, ಎಐಎಯದ್ದಕ್ಕೆ ಹೊಂದಿಸಬೇಕು. ಪೈಥಾನ್ ಬಲ್ಲವರು ಸನ್‌ಪೈ ಎಂಬ ಉಚಿತ ಸಾಧನ ಹಾಕಿಕೊಂಡರೆ ಇವೆಲ್ಲ ನಾಲ್ಕು ಸಾಲಿನ ಕೆಲಸ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಕೂರಿಸಿ, ಅವರಿಗೂ ಒಂದು ಪ್ರಾಜೆಕ್ಟ್ ಆಯಿತು.

ಬಡಿತ ಹಿಡಿಯುವುದು

ಮೊದಲು ಪ್ರತಿ ಚಿತ್ರವನ್ನೂ ಅದರ ಒಡ್ಡಿಕೆಯ (ಎಕ್ಸ್‌ಪೋಶರ್) ಅವಧಿಯಿಂದ ಭಾಗಿಸಿ. ಎಚ್‌ಎಂಐ ಚಿತ್ರದಲ್ಲಿ ಸುತ್ತಲಿನ ಶಾಂತ ಸೂರ್ಯನ ಹೊಳಪಿನ ಸುಮಾರು ಅರ್ಧಕ್ಕಿಂತ ಕಡಿಮೆ ಇರುವ ಜಾಗಕ್ಕೆ ಗೆರೆ ಹಾಕಿ, ಅದು ಕಡುನೆರಳು.

ಈಗ ಎಲ್ಲರೂ ಎಡವುವ ಜಾಗ. ಇಡೀ ಕಡುನೆರಳಿನ ಸರಾಸರಿ ಹೊಳಪು ತೆಗೆದು ನೋಡಿದರೆ ಬಡಿತ ಮಸುಕಾಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಕಡುನೆರಳು ಒಂದೇ ಬಾರಿಗೆ ಬೆಳಗುವುದಿಲ್ಲ. ಈ ತೇಪೆ ಬೆಳಗುವಾಗ ಆ ತೇಪೆ ಆರುತ್ತಿರುತ್ತದೆ, ಎಲ್ಲ ಕೂಡಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ಆದ್ದರಿಂದ ಮೂರು ಗುಣಿಸು ಮೂರು ಪಿಕ್ಸೆಲ್‌ನ ಪುಟ್ಟ ಚೌಕ ಆರಿಸಿ, 150 ಚಿತ್ರಗಳಲ್ಲೂ ಅದರ ಸರಾಸರಿ ಬರೆದುಕೊಳ್ಳಿ. ಸ್ಪ್ರೆಡ್‌ಶೀಟ್ ಸಾಕು: ಎಡಗಂಬದಲ್ಲಿ 0, 24, 48, 72 ಎಂದು ಸೆಕೆಂಡು, ಬಲಗಂಬದಲ್ಲಿ ಹೊಳಪು. ಮೂರನೇ ಕಂಬದಲ್ಲಿ ಹಿಂದುಮುಂದಿನ 25 ಅಂಕಿಗಳ, ಅಂದರೆ ಹತ್ತು ನಿಮಿಷದ, ಚಲಿಸುವ ಸರಾಸರಿ. ನಾಲ್ಕನೆಯದರಲ್ಲಿ ಎರಡರ ವ್ಯತ್ಯಾಸ. ನಕ್ಷೆ ಎಳೆಯಿರಿ.

ನಾನು ಮೊದಲು ಎಳೆದ ರಾತ್ರಿ ಹೊರಗೆ ಧೋ ಎಂದು ಮಳೆ, ಕರೆಂಟು ಹೋಗಿ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಕಾಲು ಭಾಗ ಚಾರ್ಜ್. ಪರದೆಯ ಮೇಲೆ ಗರಗಸದ ಹಲ್ಲಿನಂಥ ಗೆರೆ ಬಂತು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಬೆರಳಿಟ್ಟು ಎಣಿಸಿದೆ: ಏಳು ಚುಕ್ಕಿ, ಎಂಟು ಚುಕ್ಕಿ, ಏಳು, ಏಳು, ಎಂಟು. 24 ಸೆಕೆಂಡಿನಂತೆ ಏಳೂವರೆ ಚುಕ್ಕಿ ಎಂದರೆ 180 ಸೆಕೆಂಡು. ಮೂರು ನಿಮಿಷ.

ಫೂರಿಯರ್ ವಿಶ್ಲೇಷಣೆ ಗೊತ್ತಿದ್ದವರಿಗೆ 5.6 ಮಿಲಿಹರ್ಟ್ಸ್ ಹತ್ತಿರ ಗೋಪುರ ಏಳುತ್ತದೆ. ಐದು ನಿಮಿಷದ ಲಯದ ಜಾಗ 3.3. ಒಂದು ಗಂಟೆಯ ಸರಣಿ ಇವೆರಡನ್ನೂ ಬೇರೆ ಮಾಡಿ ತೋರಿಸುವಷ್ಟು ಉದ್ದವಿದೆ, ಹತ್ತು ನಿಮಿಷದ ಸರಣಿ ಸಾಲದು.

ಆದರೆ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಕಲೆಯಿಂದ ದೂರದ ಶಾಂತ ಜಾಗದಲ್ಲೂ ಅದೇ ಚೌಕ, ಅದೇ ಲೆಕ್ಕ. ಅಲ್ಲಿ ಐದು ನಿಮಿಷದ ಕಡೆಗೆ ತೂಕ ಬರಬೇಕು. ಇದನ್ನು ಹೇಳಲು ಕಾರಣವಿದೆ. ಉತ್ಸಾಹದಲ್ಲಿ ನಾನೊಮ್ಮೆ ಎರಡೂವರೆಯಿಂದ ಮೂರೂವರೆ ನಿಮಿಷದ ಲಯ ಮಾತ್ರ ಉಳಿಯುವಂತೆ ಸೋಸಿ ನಕ್ಷೆ ಎಳೆದೆ. ಎಲ್ಲ ಕಡೆ ಸೊಗಸಾದ ಮೂರು ನಿಮಿಷದ ಅಲೆ! ಶಾಂತ ಸೂರ್ಯನಲ್ಲೂ ಅದೇ, ಚಿತ್ರದ ಖಾಲಿ ಮೂಲೆಯಲ್ಲೂ ಅದೇ. ಜರಡಿಯ ಕಣ್ಣಿಗೆ ತಕ್ಕಂತೆ ಬೀಜ ಬಿದ್ದಿತ್ತು ಅಷ್ಟೇ. ಎರಡು ವಾರದ ಕೆಲಸ ಅಳಿಸಬೇಕಾಯಿತು. ಹಾಗೆಯೇ, ಒಂದೇ ಚಿತ್ರದಲ್ಲಿ ಒಂದೇ ಪಿಕ್ಸೆಲ್ ಝಗ್ಗೆಂದು ಹೊಳೆದು ಮುಂದಿನದರಲ್ಲಿ ಮಾಯವಾದರೆ ಅದು ಮಿಂಚಲ್ಲ, ಕ್ಯಾಮೆರಾಕ್ಕೆ ಬಡಿದ ಅಂತರಿಕ್ಷದ ಕಣ.

ಓಡುವ ಅಲೆಗೆ ಓರೆಗೆರೆ

ಕಡುನೆರಳಿನ ನಡುವಿನಿಂದ ಅರೆನೆರಳು ದಾಟಿ ಹೊರಗಿನವರೆಗೆ ಒಂದು ನೇರ ಗೆರೆ ಎಳೆಯಿರಿ, 40 ಪಿಕ್ಸೆಲ್ ಉದ್ದ ಸಾಕು. ಈ ಸಲ 304ರ ಸರಣಿ ತೆಗೆದುಕೊಳ್ಳಿ, ಅಲೆ ಅದರಲ್ಲಿ ಸ್ಪಷ್ಟ. ಪ್ರತಿ ಚಿತ್ರದಿಂದ ಆ ಗೆರೆಯ ಮೇಲಿನ ಹೊಳಪನ್ನು ಕಿತ್ತು ಒಂದರ ಪಕ್ಕ ಒಂದು ನಿಲ್ಲಿಸಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ದೂರ. ಇಲ್ಲಿಯೂ ಚಲಿಸುವ ಸರಾಸರಿ ಕಳೆಯಬೇಕು. ಇಲ್ಲದಿದ್ದರೆ ಅರೆನೆರಳಿನ ಹೊಳಪೇ ಎಲ್ಲವನ್ನೂ ನುಂಗುತ್ತದೆ. ಆಗ ಓರೆಯಾಗಿ ಏರುವ ಪಟ್ಟೆಗಳು ಕಾಣುತ್ತವೆ. ಒಂದು ಪಟ್ಟೆ 240 ಸೆಕೆಂಡಿನಲ್ಲಿ 8 ಪಿಕ್ಸೆಲ್ ಏರಿತು ಅನ್ನಿ: 8 ಗುಣಿಸು 435, ಅಂದರೆ 3,480 ಕಿಲೋಮೀಟರ್. 240ರಿಂದ ಭಾಗಿಸಿದರೆ ಸೆಕೆಂಡಿಗೆ 14.5 ಕಿಲೋಮೀಟರ್. ಮೇಲೆ ಹೇಳಿದ 10-20ರ ನಡುವೆ ಬಂತು.

ಪಟ್ಟೆಗಳನ್ನು ಗಮನವಿಟ್ಟು ನೋಡಿದರೆ ಹೊರಗೆ ಹೋದಂತೆ ಅವು ಬಾಗುತ್ತವೆ, ಅಂದರೆ ನಿಧಾನವಾಗುತ್ತವೆ. ಪಟ್ಟೆಗಳ ನಡುವಿನ ಅಂತರವೂ ಹಿಗ್ಗುತ್ತದೆ. ಲೈನ್‌ಮನೆಯ ಆಳುಗಳ ಲೆಕ್ಕ ಇದೇ. ಕೈಯಲ್ಲಿ 1700 ಮತ್ತು 304 ಎರಡೂ ಇದ್ದರೆ ಒಂದೇ ಚೌಕದ ಎರಡು ಗೆರೆಗಳನ್ನು ಮೇಲೆ ಕೆಳಗೆ ಇಟ್ಟು ನೋಡಿ. 304ರ ಹಲ್ಲು ಸ್ವಲ್ಪ ಹಿಂದೆ ಬೀಳುತ್ತದೆ, ಅಲೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಸರಳ ಸಾಕ್ಷಿ ನಾನು ಕಂಡಿಲ್ಲ.

ಇನ್ನೂ ಸಣ್ಣದು ಬೇಕೆಂದರೆ

ಎಸ್‌ಡಿಒ ಇಲ್ಲಿಗೆ ನಿಲ್ಲುತ್ತದೆ. ಮೈಕ್ರೋಜೆಟ್‌ಗೆ ಹಿನೋದೆಯ 50 ಸೆಂಟಿಮೀಟರ್ ಟೆಲಿಸ್ಕೋಪಿನ ಕ್ಯಾಲ್ಸಿಯಂ ಚಿತ್ರಗಳ ಹಳೆಯ ಭಂಡಾರ ನೋಡಬೇಕು. ಐರಿಸ್ ಉಪಗ್ರಹ, 2013ರ ಜೂನ್‌ನಲ್ಲಿ ಹಾರಿದ್ದು, 0.33 ಆರ್ಕ್‌ಸೆಕೆಂಡ್ ಬಿಡಿಸುತ್ತದೆ, ಜೊತೆಗೆ ರೋಹಿತವನ್ನೂ, ಅಂದರೆ ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿದ ಪಟ್ಟಿಯನ್ನೂ, ಕೊಡುತ್ತದೆ. ಕಲೆಯ ಮೇಲೆ ಸೀಳುಗಂಡಿಯನ್ನು (ಬೆಳಕು ಒಳಬಿಡುವ ಕಿರಿದಾದ ಸೀಳು) ಅಲುಗದಂತೆ ನಿಲ್ಲಿಸಿ ತೆಗೆದ ಸರಣಿ ಹುಡುಕಿ, ಮೆಗ್ನೀಸಿಯಂನ 2796 ಆಂಗ್‌ಸ್ಟ್ರಾಂ ರೇಖೆ ತೆರೆಯಿರಿ. ರೇಖೆ ಥಟ್ಟನೆ ನೀಲಿಯ ಕಡೆಗೆ ಹಾರಿ, ನಿಧಾನವಾಗಿ ಕೆಂಪಿನ ಕಡೆಗೆ ಜಾರಿ, ಮತ್ತೆ ಹಾರುತ್ತದೆ. ಅನಿಲ ಆಘಾತಕ್ಕೆ ಮೇಲೆ ನೆಗೆದು, ತನ್ನ ಭಾರಕ್ಕೆ ಕೆಳಗೆ ಬೀಳುವುದರ ಗುರುತು ಇದು. ಸ್ಪ್ರೆಡ್‌ಶೀಟಿನ ಗರಗಸ ಹೊಳಪಿನದು, ಇದು ವೇಗದ ಗರಗಸ.

ನಮ್ಮವೇ ಆದ ಎರಡು ದಾರಿಗಳನ್ನೂ ಹೇಳಬೇಕು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳಿವೆ. ಅರೆನೆರಳಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂದು ಜಾನ್ ಎವರ್‌ಶೆಡ್ 1909ರ ಜನವರಿಯಲ್ಲಿ ಕಂಡದ್ದು ಅಲ್ಲಿಂದಲೇ. ದಿನಕ್ಕೆ ಕೆಲವೇ ಚಿತ್ರಗಳಿರುವ ಆ ಹಳೆಯ ಭಂಡಾರ ಮೂರು ನಿಮಿಷದ ಆಟಕ್ಕೆ ಒದಗದು, ಆದರೆ ಅಜ್ಜ ತೋಟ ಮಾಡಿದ ವರ್ಷ ಸೂರ್ಯನ ಮೇಲೆ ಎಷ್ಟು ಕಲೆ ಇತ್ತು ಎಂದು ನೋಡಲು ಅದಕ್ಕಿಂತ ಬೇರೆ ಬೇಡ. ಇನ್ನೊಂದು ಆದಿತ್ಯ-ಎಲ್1. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅದರ ಸೂಟ್ ಉಪಕರಣ ನೇರಳಾತೀತದಲ್ಲಿ 11 ಫಿಲ್ಟರುಗಳಿಂದ ಸೂರ್ಯನನ್ನು ನೋಡುತ್ತದೆ, ಮೆಗ್ನೀಸಿಯಂ, ಕ್ಯಾಲ್ಸಿಯಂ ರೇಖೆಗಳೂ ಅದರಲ್ಲಿವೆ. ಇಸ್ರೋದ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿದರೆ ದತ್ತಾಂಶ ಉಚಿತ, ಅದನ್ನು ಕಾಯುವ ಕೇಂದ್ರ ಇರುವುದು ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿ. ಇಳಿಸುವ ಮೊದಲು ಎರಡು ಚಿತ್ರಗಳ ನಡುವಿನ ಅಂತರ ನೋಡಿ. ಅದು ಒಂದು ನಿಮಿಷಕ್ಕಿಂತ ಹೆಚ್ಚಿದ್ದರೆ ಮೂರು ನಿಮಿಷದ ಹಲ್ಲಿಗೆ ಮೂರು ಚುಕ್ಕಿಯೂ ಸಿಗುವುದಿಲ್ಲ, ಆ ಸರಣಿಯನ್ನು ಬಿಟ್ಟು ಬೇರೆ ದಿನದ್ದು ಹುಡುಕಿ.

ಕಡತಗಳಿಗೆ ಹೆಸರಿಡುವಾಗ ದಿನಾಂಕ, ಅಂತರರಾಷ್ಟ್ರೀಯ ಸಮಯ, ಕಲೆಯ ಸಂಖ್ಯೆ, ತರಂಗಾಂತರ, ಈ ಕ್ರಮ ತಪ್ಪಿಸಬೇಡಿ. ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಚಿತ್ರದ ಹಿಂದೆಯೂ ಅದನ್ನೇ ಬರೆಯಿರಿ. ನನ್ನ ಮೊದಲ ರಟ್ಟು ಇನ್ನೂ ಇದೆ, ಮೂಲೆಯಲ್ಲಿ ಕಾಫಿ ಹಣ್ಣಿನ ಕಲೆ ಹಿಡಿದು. ಅದರ ಹಿಂದೆ ಸಮಯ ಬರೆದಿರಲಿಲ್ಲ. ಆ ಬೆಳಿಗ್ಗೆ ಅಕ್ಕ ಬಗ್ಗಿ ನೋಡಿದ್ದು ಯಾವ ಕಲೆಯನ್ನು ಎಂದು ಈಗ ಎಷ್ಟು ಹುಡುಕಿದರೂ ಗೊತ್ತಾಗುತ್ತಿಲ್ಲ.